ಬಡಗಣ ಗಡ್ಡಿಗೆ ಸುತ್ತಿದ ನೂಲು

ಮಿರ್ಚಿ ಭಜಿ ಕಟ್ಟಿಕೊಟ್ಟ ಕಾಗದವನ್ನು ಓದದೆ ಬಿಸಾಡಿದ ನೆನಪು ನನಗಿಲ್ಲ. ಕೆಲವರಿಗೆ ಎಲೆ ಅಡಿಕೆ, ಕೆಲವರಿಗೆ ನಶ್ಯ, ನನಗೆ ಎಣ್ಣೆ ಹತ್ತಿದ ಕಾಗದ. ಮೂವತ್ತು ವರ್ಷದಿಂದ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ, ಆದರೆ ನನ್ನ ತಿಳಿವಳಿಕೆಯ ಅರ್ಧ ಭಾಗ ಬೆಟಗೇರಿಯ ಮಿರ್ಚಿ ಅಂಗಡಿಯಿಂದಲೇ ಬಂದದ್ದು. ಇದರಲ್ಲಿರುವ ತೊಂದರೆ ಒಂದೇ, ಯಾವುದೂ ಪೂರ್ತಿ ಗೊತ್ತಾಗುವುದಿಲ್ಲ. ಒಮ್ಮೆ ಒಂದು ಕಳ್ಳತನದ ಸುದ್ದಿಯನ್ನು ಎದೆ ಹಿಡಿದುಕೊಂಡು ಓದಿದ್ದೆ. ಕಳ್ಳ ಸಿಕ್ಕನೋ ಇಲ್ಲವೋ, ಆ ಅರ್ಧ ಕಾಗದ ಇನ್ಯಾರದೋ ಮಿರ್ಚಿಯ ಜೊತೆ ಇನ್ಯಾರದೋ ಮನೆಗೆ ಹೋಯಿತು.

ಮೊನ್ನೆ ಬಂದದ್ದು ಯಾವುದೋ ಇಂಗ್ಲಿಷ್ ಪತ್ರಿಕೆಯ ಬಣ್ಣದ ಪುಟ. ನೀಲಿ ಸಮುದ್ರ, ನಡುವೆ ಒಂದು ದ್ವೀಪ, ಅದರ ಬೆಟ್ಟದ ತಲೆಯ ಮೇಲೆ ಹಿಮ. ಪಕ್ಕದಲ್ಲಿ ಒಂದು ಪುಟ್ಟ ಬಿಳಿ ಹಡಗು. ಹಡಗಿನ ಕಟಕಟೆಗೆ ಒರಗಿಕೊಂಡು ಗಂಡ, ಹೆಂಡತಿ, ಇಬ್ಬರು ಮಕ್ಕಳು ಕೈಯಲ್ಲಿ ಚಹಾದ ಕಪ್ಪು ಹಿಡಿದು ನಗುತ್ತಿದ್ದರು. ಇಂಥ ಸಣ್ಣ ಹಡಗಿನಲ್ಲಿ ಇಡೀ ಕುಟುಂಬ ಕೂಡಿ ದ್ವೀಪವನ್ನು ಒಂದು ಸುತ್ತು ಹಾಕಿ ಬಂದರೆ ಜನ್ಮ ಸಾರ್ಥಕ ಎಂಬ ಅರ್ಥದ ಬರಹ ಕೆಳಗಿತ್ತು. ದ್ವೀಪದ ಹೆಸರಿದ್ದ ಜಾಗದಲ್ಲಿ ಸರಿಯಾಗಿ ಎಣ್ಣೆ ಹರಡಿತ್ತು. ಉತ್ತರದ ಕಡೆಯದು ಎಂಬುದಷ್ಟೇ ತಿಳಿಯಿತು. ನಾನು ಮಿರ್ಚಿ ಕಡಿಯುತ್ತ, “ಇದೇನು ಮಹಾ, ನಾವೂ ಹೋಗಿದ್ದೆವು” ಎಂದೆ. ಎದುರಿಗೆ ಯಾರೂ ಇರಲಿಲ್ಲ. ಒಬ್ಬಳೇ ಮಾತಾಡುವುದೂ ಇತ್ತೀಚೆಗೆ ಹತ್ತಿಕೊಂಡ ಚಟ.

ನಗಬೇಡಿ, ಖರೇನೇ ಹೋಗಿದ್ದೆವು. ಎಪ್ಪತ್ತರ ದಶಕದ ಕೊನೆಯ ಒಂದು ಸಂಕ್ರಮಣಕ್ಕೆ. ಸಮುದ್ರ ಇರಲಿಲ್ಲ, ತುಂಗಭದ್ರೆ ಇತ್ತು. ಹಡಗು ಇರಲಿಲ್ಲ, ಹರಗೋಲು ಇತ್ತು. ಬಿದಿರು ಹೆಣೆದು ಹೊರಗಿನಿಂದ ಚರ್ಮ ಹೊದಿಸಿದ ದೊಡ್ಡ ಗುಂಡು ಬುಟ್ಟಿ. ಹಿಮದ ಸುದ್ದಿಯನ್ನು ನಮ್ಮ ಕಡೆ ಎತ್ತಲೇಬಾರದು. ದ್ವೀಪ ಮಾತ್ರ ಇತ್ತು, ಅದೂ ಉತ್ತರದ್ದೇ. ಹಮ್ಮಿಗಿ ದಾಟಿ ಇನ್ನಷ್ಟು ಮುಂದೆ ಹೋದರೆ ಹೊಳೆದಂಡೆಯಲ್ಲಿ ನನ್ನ ಅವ್ವನ ತವರೂರು. ಅದರ ಎದುರಿಗೆ ನೀರಿನ ನಡುವೆ ಎರಡು ನಡುಗಡ್ಡೆಗಳು. ದಕ್ಷಿಣಕ್ಕಿದ್ದದ್ದು ತೆಂಕಣ ಗಡ್ಡಿ, ಉತ್ತರಕ್ಕಿದ್ದದ್ದು ಬಡಗಣ ಗಡ್ಡಿ. ನಾವು ಸುತ್ತಿದ್ದು ಬಡಗಣದ್ದನ್ನು. ಈ ಒಂದು ಸುತ್ತಿಗೆ ನಮ್ಮ ಮನೆಯಲ್ಲಿ ಹನ್ನೆರಡು ವರ್ಷ ಹಿಡಿಯಿತು. ಬಿಳಿ ಹಡಗಿನವರು ಅಷ್ಟು ಕಾದಿರಲಿಕ್ಕಿಲ್ಲ.

ತಡವಾದದ್ದು ಅಪ್ಪನಿಂದ. ಅಪ್ಪ ಬೆಟಗೇರಿಯ ನೇಕಾರ. ನಮ್ಮ ಮನೆಯ ಪಡಸಾಲೆಯಲ್ಲಿ ನೆಲ ತೋಡಿ ಕೂರಿಸಿದ ಕುಣಿಮಗ್ಗವಿತ್ತು. ಅಪ್ಪ ಬೆಳಗಾದರೆ ಆ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತರೆ ಊಟಕ್ಕೆ ಏಳುತ್ತಿದ್ದರು, ಮತ್ತೆ ಇಳಿಯುತ್ತಿದ್ದರು. ಚಿಕ್ಕವಳಿದ್ದಾಗ ನಾನು ಅಪ್ಪನಿಗೆ ಸೊಂಟದ ಮೇಲೆ ಮಾತ್ರ ಮೈಯಿದೆ ಎಂದು ತಿಳಿದಿದ್ದೆನಂತೆ. ಒಂದು ದಿನ ಅವರು ನಡೆದುಕೊಂಡು ಬಂದದ್ದನ್ನು ನೋಡಿ ಅತ್ತೆನಂತೆ. ಇದನ್ನು ಅವ್ವ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ನನಗೆ ನೆನಪಿಲ್ಲದ ಕಾರಣ ನಾನು ಈವರೆಗೂ ಒಪ್ಪಿಕೊಂಡಿಲ್ಲ.

ಅಪ್ಪನನ್ನು ಎಲ್ಲಿಗೆ ಕರೆದರೂ ಉತ್ತರ ಒಂದೇ, “ಈ ಹಾಸು ಮುಗೀಲಿ.” ಹಾಸು ಎಂದರೆ ಮಗ್ಗಕ್ಕೆ ಏರಿಸಿದ ಉದ್ದನೆಯ ನೂಲು, ಅದರಲ್ಲಿ ಐದಾರು ಸೀರೆ ಇಳಿಯುತ್ತವೆ. ಈ ಮಾತು ಕೇಳಿದವರು, ಆಗಲಿ ಇನ್ನೆಂಟು ದಿನ ಎಂದುಕೊಂಡು ಹೋಗುತ್ತಿದ್ದರು. ಪಾಪ, ಅವರಿಗೆ ಗೊತ್ತಿಲ್ಲದ್ದು ಏನೆಂದರೆ, ಹಾಸು ಎಂದೂ ಮುಗಿಯುವುದಿಲ್ಲ. ಹಳೆಯ ಹಾಸಿನ ತುದಿ ಕಾಣುತ್ತಿದ್ದಂತೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಅದಕ್ಕೆ ಹೊಸೆದು ಕೂಡಿಸುತ್ತಾರೆ. ಸೀರೆಗಳು ಕತ್ತರಿಸಿ ಬೀಳುತ್ತವೆ, ಹಾಸು ಮಾತ್ರ ಸಾಗುತ್ತಲೇ ಇರುತ್ತದೆ. ಅಪ್ಪನ ಮಗ್ಗದ ಮೇಲಿದ್ದದ್ದು ಅಜ್ಜನ ಕಾಲದಿಂದ ಕೂಡಿಸಿಕೊಂಡು ಬಂದ ಹಾಸು. ಅದು ಮುಗಿಯಲಿ ಎನ್ನುವವರು ಎಲ್ಲಿಗೆ ಹೋದಾರು?

ಹೀಗಾಗಿ ನಮ್ಮ ಕುಟುಂಬದ ಪ್ರವಾಸಗಳ ಪಟ್ಟಿ ಬಹಳ ಚಿಕ್ಕದು. ಶಿರಹಟ್ಟಿಯಲ್ಲಿದ್ದ ಸೋದರತ್ತೆಯ ಮನೆಗೆ ಒಂದು ಸಲ, ಬಿಂಕದಕಟ್ಟಿಗೆ ಪ್ರಾಣಿಗಳನ್ನು ನೋಡಲು ಒಂದು ಸಲ. ಬಿಂಕದಕಟ್ಟಿಯಲ್ಲಿ ಅಪ್ಪ ಒಂದೂ ಪ್ರಾಣಿಯನ್ನು ನೆಟ್ಟಗೆ ನೋಡಲಿಲ್ಲ. ಪಂಜರದ ತಂತಿಯ ಹೆಣಿಕೆಯನ್ನು ಬೆರಳಿನಿಂದ ಮುಟ್ಟಿ, ಯಾರು ಹೆಣೆದರೋ ಒಂದು ಮನೆ ತಪ್ಪಿಸಿದ್ದಾರೆ ಎಂದು ತೋರಿಸಿದರು. ಅವರ ಅಳತೆಗಳೂ ಹಾಗೆಯೇ. ದೂರವನ್ನೆಲ್ಲ ಸೀರೆಯಲ್ಲಿ ಅಳೆಯುತ್ತಿದ್ದರು. ನಾವು ಓದುತ್ತಿದ್ದ ಸಾಲಿ ಹದಿನೈದು ಸೀರೆ ದೂರ, ಸಾಲಿಯಿಂದ ಕಿರಾಣಿ ಅಂಗಡಿ ಆರು ಸೀರೆ. ಲಕ್ಷ್ಮೇಶ್ವರ ಎಷ್ಟು ದೂರ ಎಂದು ತಮ್ಮ ಕೇಳಿದಾಗ ಸ್ವಲ್ಪ ಹೊತ್ತು ಲಾಳಿ ನಿಲ್ಲಿಸಿ ಯೋಚಿಸಿ, “ಅಷ್ಟು ನೇಯಾಕ ಎರಡು ಜನ್ಮ ಬೇಕು” ಎಂದಿದ್ದರು.

ಅವ್ವನ ಕಥೆ ಬೇರೆ. ಅವಳು ಹೊಳೆಯಲ್ಲಿ ಹುಟ್ಟಿದವಳು ಎಂದರೆ ತಪ್ಪಲ್ಲ. ಅವಳ ತವರಿನವರೂ ಒಂದು ಕಾಲಕ್ಕೆ ನೇಕಾರರೇ. ಆಮೇಲೆ ಮಗ್ಗ ಬಿಚ್ಚಿಟ್ಟು ಬಡಗಣ ಗಡ್ಡಿಯ ಮಣ್ಣಿನಲ್ಲಿ ಬದನೆ, ಸವತೆ ಬೆಳೆದುಕೊಂಡಿದ್ದರು. ಹರಗೋಲು ಇಲ್ಲದೆ ತೋಟಕ್ಕೆ ಹೋಗುವಂತಿಲ್ಲ. ಅವ್ವ ನಡೆಯುವುದನ್ನು ಕಲಿತ ಕೆಲವೇ ವರ್ಷಕ್ಕೆ ಹುಟ್ಟು ಹಾಕುವುದನ್ನು ಕಲಿತಿದ್ದಳು. ಅಂಥವಳನ್ನು ತಂದು ಕೊಟ್ಟದ್ದು ಬೆಟಗೇರಿಗೆ. ನಮ್ಮಲ್ಲಿ ಆಗ ನಳಕ್ಕೆ ನೀರು ಬಿಟ್ಟ ದಿನ ಎಂದರೆ ಹಬ್ಬ. ವಾರ ಕಳೆದು, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಳೆದು ನೀರು ಬರುತ್ತಿತ್ತು. ಮನೆಯ ಹಂಡೆ, ಕೊಡ, ತಪೇಲಿ, ಲೋಟ ಎಲ್ಲ ತುಂಬಿದ ಮೇಲೆ ಓಣಿಯ ಹೆಂಗಸರು ಉಸ್ಸೆಂದು ಕೂತರೆ ಅವ್ವ ಮಾತ್ರ ಹಿತ್ತಲಲ್ಲಿ ನೀರು ತುಂಬಿಡುವ ಕಲ್ಲಿನ ದೋಣಿಯ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ತುಂಬಿದ ನೀರಿನಲ್ಲಿ ಅಂಗೈಯನ್ನು ಮೆಲ್ಲಗೆ ಆಡಿಸುತ್ತಿದ್ದಳು. ಸಣ್ಣ ತೆರೆ ಎದ್ದು ಕಲ್ಲಿಗೆ ಬಡಿದು ವಾಪಸು ಬರುತ್ತಿತ್ತು. ಆ ಹೊತ್ತಿನಲ್ಲಿ ನಾವು ಕರೆದರೆ ಅವಳಿಗೆ ಕೇಳಿಸುತ್ತಿರಲಿಲ್ಲ. ನನಗೆ ಅದನ್ನು ನೋಡುವುದೆಂದರೆ ಒಂದು ಥರ ಹೆದರಿಕೆ. ಅವ್ವ ಇಲ್ಲೇ ಇದ್ದಾಳೆ, ಆದರೆ ಇಲ್ಲಿ ಇಲ್ಲ ಎನಿಸುತ್ತಿತ್ತು.

ಅವ್ವನ ತವರುಮನೆಯಲ್ಲಿ ಒಂದು ಪದ್ಧತಿ ಇತ್ತು. ಮದುವೆಯಾದ ಮರುದಿನ ಗಂಡು ಹೆಣ್ಣು ಇಬ್ಬರನ್ನೂ ಹರಗೋಲಿನಲ್ಲಿ ಕೂಡಿಸಿ ಬಡಗಣ ಗಡ್ಡಿಗೆ ಒಂದು ಸುತ್ತು ಹಾಕಿಸಬೇಕು. ಆಮೇಲೆಯೇ ಹೆಣ್ಣು ಗಂಡನ ಮನೆಗೆ ಹೊರಡುವುದು. ಆ ಸಂಕ್ರಮಣಕ್ಕಿಂತ ಹನ್ನೆರಡು ವರ್ಷ ಮೊದಲು, ಮದುವೆಯಾದಾಗ, ಅಪ್ಪನನ್ನೂ ಕರೆದಿದ್ದರು. ಅಪ್ಪ ದಂಡೆಯವರೆಗೆ ಹೋಗಿ, ನೀರು ನೋಡಿ, ಹರಗೋಲು ನೋಡಿ, “ಹಾಸು ಮಗ್ಗದ ಮ್ಯಾಲ ಐತ್ರಿ” ಎಂದವರೇ ಬಸ್ಸಿನ ಹಾದಿ ಹಿಡಿದರಂತೆ. ಬಾಸಿಂಗ ಕೂಡ ಸರಿಯಾಗಿ ಬಿಚ್ಚಿರಲಿಲ್ಲ ಎಂದು ಅವ್ವನ ಕಡೆಯವರ ಹೇಳಿಕೆ. ಅಪ್ಪನಿಗೆ ಗೊತ್ತಿದ್ದ ಆಳ ಮಗ್ಗದ ಕುಣಿಯದೊಂದೇ. ಅದಕ್ಕಿಂತ ಆಳವಾದದ್ದೆಲ್ಲ ಅವರಿಗೆ ಸಾವು. ಪ್ರತಿ ವರ್ಷ ಅವ್ವ ತವರಿಗೆ ಹೋಗುವಾಗ, “ಈ ಸಲರ ಬರ್ರಿ, ಒಂದು ಸುತ್ತು ಹಾಕಿ ಬರೂಣು” ಎನ್ನುತ್ತಿದ್ದಳು. ಪ್ರತಿ ವರ್ಷ ಹಾಸು ಮಗ್ಗದ ಮೇಲೆ ಇರುತ್ತಿತ್ತು. ನನಗೆ ಬುದ್ಧಿ ಬರುವ ಹೊತ್ತಿಗೆ ಅವಳು ಕೇಳುವುದನ್ನು ಬಿಟ್ಟಿದ್ದಳು.

ಆ ವರ್ಷ ಸಂಕ್ರಮಣಕ್ಕೆ ಹದಿನೈದು ದಿನ ಇರುವಾಗ ಹನಮಂತ ಮಾಮಾ ಬೆಟಗೇರಿಗೆ ಬಂದ. ಅವ್ವನ ತಮ್ಮ. ಒಂದು ಚೀಲ ಗಡ್ಡಿಯ ಬದನೆಕಾಯಿ ಇಳಿಸಿ, ನಾಚಿಕೊಳ್ಳುತ್ತ ತನ್ನ ಮದುವೆ ಗೊತ್ತಾದ ಖಬರ ಹೇಳಿದ. ಅವ್ವ ಸಕ್ಕರೆ ತಂದು ಅವನ ಬಾಯಿಗೆ ಹಾಕಿದಳು. ಆಮೇಲೆ ಅವನು ಬದನೆಕಾಯಿ ತೊಟ್ಟು ತಿರುವುತ್ತ ಕುಳಿತ. ಹೇಳುವುದು ಇನ್ನೂ ಏನೋ ಇತ್ತು.

“ಅಕ್ಕಾ, ಊರಾಗ ನಮ್ಮವ್ವ ಒಂದು ಮಾತು ಹೇಳ್ಯಾಳ. ನನ್ನ ಮ್ಯಾಲ ಸಿಟ್ಟಾಗಬ್ಯಾಡ. ಮದುಮಗಳನ್ನ ಹರಗೋಲಕ್ಕ ಹತ್ತಿಸಾಕಿ ಅಕ್ಕ ಆಗಬೇಕು, ಖರೆ. ಆದ್ರ ತಾನ ಗಡ್ಡಿ ಸುತ್ತದಾಕಿ ಇನ್ನೊಬ್ಬಾಕಿನ್ನ ಹತ್ತಿಸಬಾರದಂತ. ಹಂಗಾಗಿ ಚಿಗವ್ವ ಹತ್ತಿಸ್ತಾಳಂತ.”

ಮಗ್ಗದ ಸಪ್ಪಳ ನಿಂತಿತು. ಅವ್ವ ಮಾತ್ರ ನಕ್ಕಳು. “ಅದಕ್ಯಾಕೋ ಇಷ್ಟು ಮಾರಿ ಸಣ್ಣ ಮಾಡ್ತಿ? ಯಾರರ ಹತ್ತಿಸಲಿ. ನಾ ದಂಡಿ ಮ್ಯಾಲ ನಿಂತು ನೋಡ್ತೀನಿ, ಆತು.” ಹೀಗೆಂದವಳು ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು ನಳದ ಕಡೆ ಹೋದಳು.

ಅಪ್ಪ ಕುಣಿಯೊಳಗಿಂದ ನನ್ನನ್ನು ಕೇಳಿದರು, “ಇವತ್ತು ನೀರು ಬಿಡೋ ದಿನ ಅಲ್ಲಲಾ?”

ಅಲ್ಲ ಎಂದೆ. ಅಪ್ಪ ಬಾಗಿಲ ಕಡೆ ನೋಡುತ್ತ ಕುಳಿತರು. ಅವ್ವ ಬಹಳ ಹೊತ್ತು ಬರಲಿಲ್ಲ. ಬಂದಾಗ ಕೊಡ ಖಾಲಿಯೇ ಇತ್ತು. ಅಪ್ಪ ಲಾಳಿಯನ್ನು ಅತ್ತಿತ್ತ ತಿರುವಿ ಮಾಮಾನನ್ನು ಕೇಳಿದರು, “ಹನಮಂತಾ, ಆ ಗಡ್ಡಿ ಸುತ್ತ ಎಷ್ಟು ಆಕ್ಕೈತಿ?”

“ಎಷ್ಟ್ರಿ ಮಾವಾರ, ಎರಡು ಬೀಡಿ ಸೇದೂದ್ರಾಗ ಬಂದ ಬಿಡ್ತೀವಿ.” ಅಕ್ಕನ ಗಂಡನನ್ನು ಅವನು ಮಾವಾರ ಎಂದೇ ಕರೆಯುತ್ತಿದ್ದ.

ಅಪ್ಪ ಬೀಡಿಯನ್ನು ಮನಸ್ಸಿನಲ್ಲೇ ಸೀರೆಗೆ ಪರಿವರ್ತಿಸಿದರು. ತುಟಿ ಅಲುಗಾಡುವುದು ನನಗೆ ಕಾಣುತ್ತಿತ್ತು. “ಬೀಡಿಗೆ ಐವತ್ತು ಹಿಡಿ. ನೂರು ಸೀರಿ. ಇರ್ಲಿ, ಮ್ಯಾಲ ಇನ್ನೊಂದ ಹತ್ತು.” ಮಾಮಾನಿಗೆ ತಲೆಬುಡ ತಿಳಿಯಲಿಲ್ಲ. ನಮಗೂ ತಿಳಿಯಲಿಲ್ಲ. ಮರುದಿನದಿಂದ ಮಾತ್ರ ನನಗೂ ತಮ್ಮ ಈರಣ್ಣನಿಗೂ ಹೊಸ ಕೆಲಸ ಬಂತು. ನಾಲ್ಕು ಎಳೆ ನೂಲು ಕೂಡಿಸಿ ರಾಟಿಯಲ್ಲಿ ಹುರಿ ಹಾಕಿ ಉಂಡೆ ಸುತ್ತುವುದು. ಉಂಡೆ ಸಣ್ಣ ಕುಂಬಳಕಾಯಿಯಷ್ಟು ದೊಡ್ಡದಾಯಿತು. ಯಾಕೆ ಎಂದು ಕೇಳಿದರೆ ಅಪ್ಪ, “ಬೇಕಾಗತೈತಿ” ಎಂದರು. ಅವ್ವ ಮದುವೆಯ ಚಪ್ಪರಕ್ಕೆ ಎಂದುಕೊಂಡಳು.

ಸಂಕ್ರಮಣದ ಹಿಂದಿನ ದಿನ ಎದ್ದು ನೋಡಿದರೆ ಮಗ್ಗದ ಮೇಲೆ ಹಳೆಯ ಧೋತರ ಹೊದಿಸಿತ್ತು. ಸೀರೆ ಅರ್ಧಕ್ಕೆ ನಿಂತಿತ್ತು. ಅಪ್ಪ ಸ್ನಾನ ಮಾಡಿ, ಟೊಪಿಗೆ ಹಾಕಿಕೊಂಡು, ಕೈಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವ್ವ ಧೋತರವನ್ನೂ ಅಪ್ಪನನ್ನೂ ನೋಡಿದಳು.

“ಹಾಸು?” ಎಂದಳು.

“ಐತಿ. ಎಲ್ಲಿ ಹೊಕ್ಕೈತಿ? ಜಲ್ದಿ ನಡಿ, ಬಸ್ ಹೋಗತೈತಿ.”

ಗದಗಿನಿಂದ ಮುಂಡರಗಿಗೆ ಕೆಂಪು ಬಸ್ಸು, ಅಲ್ಲಿಂದ ಹಮ್ಮಿಗಿಯ ಕಡೆ ಇನ್ನೊಂದು ಬಸ್ಸು, ಅಲ್ಲಿಂದ ಮಾಮಾನ ಚಕ್ಕಡಿ. ಕಿಟಕಿಯ ಹೊರಗೆ ಬಿಳಿಜೋಳ ಎದೆಮಟ್ಟ ನಿಂತಿತ್ತು. ಗಾಳಿ ಬಂದರೆ ಇಡೀ ಎರೆಭೂಮಿ ಒಮ್ಮೆಲೇ ಮಗ್ಗುಲು ಬದಲಿಸುತ್ತಿತ್ತು. ಈರಣ್ಣ ಅದನ್ನೇ ಹೊಳೆ ಎಂದುಕೊಂಡು, “ಬಂತು, ಬಂತು” ಎಂದು ಕೂಗಿದ. ಬಸ್ಸಿನವರೆಲ್ಲ ನಕ್ಕರು. ಅವ್ವ ನಗಲಿಲ್ಲ, “ಇನ್ನ ಐತಿ ತಡಿ” ಎಂದು ಅವನ ತಲೆ ಸವರಿದಳು. ಅವಳಿಗೆ ಹೊಳೆ ಬರುವುದು ಮೂಗಿಗೇ ಗೊತ್ತಾಗುತ್ತಿತ್ತು. ಚಕ್ಕಡಿ ಒಂದು ಏರು ಹತ್ತುವಾಗ ಅವಳು ಸುಮ್ಮನೆ ಕಣ್ಣು ಮುಚ್ಚಿಕೊಂಡಳು. ಏರು ಇಳಿದರೆ ಎದುರಿಗೆ ಹೊಳೆ. ಅಷ್ಟು ನೀರನ್ನು ಒಂದೇ ಕಡೆ ನೋಡಿ ನನಗೆ ಸಿಟ್ಟು ಬಂದದ್ದು ಇನ್ನೂ ನೆನಪಿದೆ. ನಾವು ಅಲ್ಲಿ ಲೋಟ ಲೋಟ ತುಂಬಿಸಿಡುವಾಗ ಇದು ಇಲ್ಲಿ ಯಾರನ್ನೂ ಕೇಳದೆ ಹರಿದು ಹೋಗುತ್ತಿದೆಯಲ್ಲ!

ಮರುದಿನ ಎಳ್ಳು ಹಚ್ಚಿಕೊಂಡು ಹೊಳೆಯಲ್ಲಿ ಮಿಂದು, ದಂಡೆಯ ಮೇಲೆ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮಾದಲಿ ಉಂಡೆವು. ಅಪ್ಪ ಮಿಂದದ್ದು ದಂಡೆಯ ಮೇಲೆ, ತಂಬಿಗೆಯಲ್ಲಿ. ಊಟವಾದ ಮೇಲೆ ಆಯಿ, ಅಂದರೆ ಅವ್ವನ ತಾಯಿ, ಹರಗೋಲಿಗೆ ಅರಿಷಿಣ ಕುಂಕುಮ ಹಚ್ಚಿ, “ಏಳ್ರಿ ಅಳಿಯಾರ, ಹೊತ್ತು ಇಳಿಯೂದ್ರೊಳಗ ಬರ್ರಿ” ಎಂದಳು. ಅಪ್ಪ ಎದ್ದರು. ಕೈಚೀಲದಿಂದ ನೂಲಿನ ಉಂಡೆ ತೆಗೆದರು. ಅದರ ತುದಿಯನ್ನು ದಂಡೆಯ ಜಾಲಿಮರದ ಬುಡಕ್ಕೆ ಮೂರು ಗಂಟು ಹಾಕಿ ಕಟ್ಟಿದರು, ಎಳೆದು ನೋಡಿದರು.

ಆಯಿ ಗಲ್ಲಕ್ಕೆ ಕೈ ಇಟ್ಟುಕೊಂಡಳು. ಮಾಮಾ, “ಏನ್ರಿ ಮಾವಾರ ಇದು?” ಎಂದ.

“ಏನಿಲ್ಲ. ನೂಲು ಕೈಯಾಗಿದ್ರ ವಾಪಸ್ ಬರೂ ದಾರಿ ಕಾಣತೈತಿ.”

“ಹೊಳ್ಯಾಗ ದಾರಿ ಎಲ್ಲಿ ತಪ್ಪತೈತ್ರಿ?”

“ತಪ್ಪಿದ್ರ? ಅಕಸ್ಮಾತ್ ಇದು ಮುಳುಗಿದ್ರ, ದಂಡಿ ಮ್ಯಾಗಿನವ್ರು ಎಳೀಬಹುದು.”

ನಾಲ್ಕೆಳೆ ಹತ್ತಿ ನೂಲಿನಿಂದ ಐದು ಜನರನ್ನು ಹೊಳೆಯೊಳಗಿಂದ ಎಳೆಯುವ ಲೆಕ್ಕ ಅಪ್ಪನದು. ನನಗೆ ಹತ್ತು ವರ್ಷ, ನನಗೂ ಅದು ಹರಿಯುತ್ತದೆ ಎಂದು ಗೊತ್ತಿತ್ತು. ಅಪ್ಪನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಅವರ ಜನ್ಮದಲ್ಲಿ ಕೈಯಲ್ಲಿ ಎಳೆ ಇಲ್ಲದೆ ಕೂತ ಗಳಿಗೆ ಇರಲಿಲ್ಲ. ಅವ್ವ ಅದನ್ನು ನೋಡಿ ನಗಲಿಲ್ಲ. ತಾನು ಮೊದಲು ಹತ್ತಿ, ಸರಿದು ಕುಳಿತು, ಪಕ್ಕದ ಜಾಗವನ್ನು ಕೈಯಿಂದ ತಟ್ಟಿದಳು. ಅಪ್ಪ ಕಣ್ಣು ಮುಚ್ಚಿಕೊಂಡು ಕಾಲಿಟ್ಟರು. ಬುಟ್ಟಿ ಜೋಲಿ ಹೊಡೆಯಿತು. ಹನ್ನೆರಡು ವರ್ಷದ ಮೇಲೆ ಅಪ್ಪ ಕುಳಿತರು. ನಾವಿಬ್ಬರೂ ಹಾರಿದೆವು. ಆಯಿ ದಂಡೆಯಿಂದ, “ಮಕ್ಕಳನ್ನ ಕಟ್ಟಿಕೊಂಡು ಗಡ್ಡಿ ಸುತ್ತೋ ಮದುಮಕ್ಕಳನ್ನ ಇವತ್ತ ಕಂಡೆ ನೋಡವಾ” ಎಂದು ಬಾಯ್ತುಂಬ ನಕ್ಕಳು.

ಹರಗೋಲಿನ ಸುಖವನ್ನು ಹೇಳುವುದು ಕಷ್ಟ. ಅದಕ್ಕೆ ಹಿಂದು ಮುಂದು ಇಲ್ಲ. ಎಲ್ಲಿ ಕುಳಿತರೂ ಅದೇ ಮುಂದು. ತಳದ ಬಿದಿರಿನ ಕೆಳಗೆ ನೀರು ಹೋಗುವುದು ಕೂತವರ ಮೈಗೇ ತಿಳಿಯುತ್ತದೆ. ಮಾತು ತಾನಾಗಿ ಸಣ್ಣದಾಗುತ್ತದೆ. ದಂಡೆಯ ಮೇಲಿನ ಆಯಿ ಸಣ್ಣವಳಾದಳು, ಜಾಲಿಮರ ಗಿಡವಾಯಿತು. ಬಿಸಿಲು ನೀರಿನ ಮೇಲೆ ಬಿದ್ದು ಅಲ್ಲಿಂದ ಅವ್ವನ ಗದ್ದಕ್ಕೆ ಹತ್ತಿ ಅಲುಗುತ್ತಿತ್ತು. ಅವಳು ಕೈಯನ್ನು ಹೊರಗೆ ಚಾಚಿ ನೀರಿನಲ್ಲಿ ಬಿಟ್ಟಿದ್ದಳು, ಹಿತ್ತಲ ದೋಣಿಯಲ್ಲಿ ಆಡಿಸುತ್ತಿದ್ದ ಅದೇ ಕೈ. ಕರೆದರೆ ಈಗ ಕೇಳಿಸುತ್ತಿತ್ತು. ನಾನು ಸುಮ್ಮನೆ, “ಅವ್ವಾ” ಎಂದು ಕರೆದು ನೋಡಿದೆ. “ಹೂಂ” ಎಂದಳು.

ಅಪ್ಪನ ಗಮನವೆಲ್ಲ ಉಂಡೆಯ ಮೇಲೆ. ಎಳೆ ತುಂಡಾಗದಂತೆ, ಸಡಿಲಾಗದಂತೆ ಬೆರಳ ಸಂದಿಯಿಂದ ಬಿಡುತ್ತಿದ್ದರು. ಕೆಲಸವೇನೋ ಚೆನ್ನಾಗಿತ್ತು. ಆದರೆ ಈರಣ್ಣ, “ಮಾಮಾ, ತಿರಗಸು” ಎಂದ. ಮಾಮಾ ಹುಟ್ಟನ್ನು ಒಂದೇ ಕಡೆ ಎಳೆದ. ಹರಗೋಲು ಗರಗರ ತಿರುಗಿತು. ಗಡ್ಡಿ ಬಂತು, ದಂಡೆ ಬಂತು, ಮತ್ತೆ ಗಡ್ಡಿ, ಮತ್ತೆ ದಂಡೆ. ನಾವು ಕಿರುಚಿ ನಕ್ಕೆವು. “ಇನ್ನೊಮ್ಮಿ, ಇನ್ನೊಮ್ಮಿ” ಎಂದೆವು. ಮಾಮಾನೂ ಮದುವೆಯ ಹುರುಪಿನಲ್ಲಿದ್ದ. ಗಡ್ಡಿಯ ತಲೆ ದಾಟಿ ಹಿಂಬದಿಗೆ ಬರುವವರೆಗೂ ತಿರುಗಿಸಿಯೇ ತಿರುಗಿಸಿದ. ನಿಂತು ನೋಡಿದರೆ ಮಾಮಾನ ಕೈ ಏಳುತ್ತಿಲ್ಲ, ನನ್ನ ಜಡೆ ಯಾರೋ ಹಿಡಿದು ಜಗ್ಗಿದಂತಾಗುತ್ತಿದೆ. ಹರಗೋಲಿನ ಅಂಚಿನಿಂದ ಹಿಡಿದು ನಮ್ಮ ಮೈ, ಹುಟ್ಟು, ಬುತ್ತಿ ಗಂಟು ಎಲ್ಲದಕ್ಕೂ ನೂಲು ಸುತ್ತಿಕೊಂಡಿತ್ತು.

ಜನ್ಮವಿಡೀ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿದ ಮನುಷ್ಯ ನೂರಾ ಹತ್ತು ಸೀರೆಯ ಲೆಕ್ಕ ಹಾಕಿದ್ದರು. ಹರಗೋಲು ತಿರುಗುತ್ತದೆ, ತಿರುಗಿದರೆ ಅದೇ ಒಂದು ದೊಡ್ಡ ಕಂಡಿಕೆಯಾಗುತ್ತದೆ ಎಂಬುದು ಮಾತ್ರ ಅವರ ಲೆಕ್ಕಕ್ಕೆ ಬಂದಿರಲಿಲ್ಲ. ಗಡ್ಡಿಯನ್ನು ಸುತ್ತಬೇಕಾಗಿದ್ದ ನೂಲಿನ ಬಹುಪಾಲು ನಮ್ಮನ್ನೇ ಸುತ್ತಿತ್ತು. ಉಂಡೆ ಮುಗಿದು, ಅದರ ಕೊನೆ ಅಪ್ಪನ ಹೆಬ್ಬೆರಳಿಗೆ ಬಿಗಿದಿತ್ತು. ನಾವಿದ್ದದ್ದು ಸರಿಯಾಗಿ ಅರ್ಧ ದಾರಿಯಲ್ಲಿ. ಊರು ಕಾಣುತ್ತಿರಲಿಲ್ಲ, ಆಯಿ ಕಾಣುತ್ತಿರಲಿಲ್ಲ. ಗಡ್ಡಿಯ ಹುಲ್ಲಿನ ಮೇಲೆ ಹಾದು ಬಂದ ಒಂದು ಬಿಳಿ ಎಳೆ ಮಾತ್ರ ಬಿಗಿಯಾಗಿ ನಿಂತು ನಡುಗುತ್ತಿತ್ತು.

ಈರಣ್ಣ ಅಳಲು ಶುರು ಮಾಡಿದ. ಮಾಮಾ ಕೈ ಬಿಡಿಸಿಕೊಂಡು, ನಗು ತಡೆದುಕೊಂಡು ಹೇಳಿದ, “ಮಾವಾರ, ಎರಡ ದಾರಿ ನೋಡ್ರಿ. ಇಲ್ಲಿಂದ ಉಲ್ಟಾ ತಿರುಗಿಸಿಕೋಂತ ಹೋದ್ರ ನೂಲು ಬಿಚ್ಚಿಕೊಂತ ಹೊಕ್ಕೈತಿ, ಹೋದಂಗ ವಾಪಸ್ ದಂಡಿಗೆ ಹತ್ತತೀವಿ. ಮುಂದ ಹೋಗಿ ಸುತ್ತು ಮುಗಸಬೇಕಂದ್ರ ಕಡೀಬೇಕು.”

ಅಪ್ಪ ಅವ್ವನ ಮುಖ ನೋಡಿದರು. ಅವ್ವ ನೀರಿನಿಂದ ಕೈ ತೆಗೆದು ಸೆರಗಿಗೆ ಒರೆಸಿಕೊಂಡಳು.

“ನಿಮಗ ತ್ರಾಸ ಆಗತಿದ್ರ ವಾಪಸ್ ಹೋಗೂಣು. ಅರ್ಧ ಆತಲ್ಲ. ಅಷ್ಟ ಸಾಕು ನನಗ” ಎಂದಳು.

ಆ ‘ಅಷ್ಟ ಸಾಕು’ ಕೇಳಿದಾಗ ನನಗೆ ಅಳು ಬಂದಿತ್ತು. ಅವ್ವ ಯಾವಾಗಲೂ ಹೀಗೆಯೇ ಹೇಳುತ್ತಿದ್ದಳು. ರೊಟ್ಟಿ ಕಡಿಮೆ ಬಿದ್ದಾಗ, ನೀರು ಕಡಿಮೆ ಬಿದ್ದಾಗ. ಅಪ್ಪ ಹೆಬ್ಬೆರಳನ್ನು ನೋಡುತ್ತ ಕುಳಿತರು. ಅದರ ತುದಿ ಕೆಂಪಾಗಿತ್ತು. ಮಾಮಾ ಸೊಂಟದಿಂದ ಕುಡಗೋಲು ತೆಗೆದ.

“ಬ್ಯಾಡ ಇಡು” ಎಂದರು ಅಪ್ಪ. “ನಾ ಸುತ್ತಿದ್ದು ನಾನ ಕಡೀತೀನಿ.” ಬಾಗಿ, ಎಳೆಯನ್ನು ಬಾಯಿಗೆ ತಂದು ಹಲ್ಲಿನಿಂದ ಕಡಿದರು. ತುದಿ ಚಿಮ್ಮಿ ನೀರಿಗೆ ಬಿದ್ದು ಹುಲ್ಲಿನ ಕಡೆ ಹರಿದು ಹೋಯಿತು. ಅಪ್ಪ ಎರಡೂ ಖಾಲಿ ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡರು. ಏನು ಮಾಡಬೇಕೆಂದು ಆ ಕೈಗಳಿಗೆ ತಿಳಿಯುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಒಂದು ಕೈ ಅವ್ವನ ಸೆರಗಿನ ಚುಂಗನ್ನು ಹಿಡಿದಿತ್ತು. ಅದು ಅವರೇ ನೇಯ್ದ ಸೀರೆ.

ಅಲ್ಲಿಂದ ಮುಂದಿನದನ್ನು ನಾನು ಕನಸಿನಲ್ಲೂ ಎಷ್ಟೋ ಸಲ ಕಂಡಿದ್ದೇನೆ, ಹೀಗಾಗಿ ಯಾವುದು ಖರೆ, ಯಾವುದು ಕನಸು ಎಂದು ಬೇರ್ಪಡಿಸಲಾರೆ. ಗಡ್ಡಿಯ ಹಿಂಬದಿಯಲ್ಲಿ ಗಾಳಿ ಇರಲಿಲ್ಲ. ನೀರು ನಿಂತಂತೆ ಇತ್ತು. ಬಂಡೆಯ ಮೇಲೆ ಒಂದು ಕೊಕ್ಕರೆ ಒಂಟಿ ಕಾಲಲ್ಲಿ ನಿಂತು ನಮ್ಮನ್ನು ನೋಡಿಯೂ ನೋಡದಂತೆ ಮಾಡಿತು. ನೀರಿನ ಮೇಲೆ ಬಾಗಿದ ಗಿಡದಲ್ಲಿ ಗೀಜಗನ ಗೂಡುಗಳು ಇಪ್ಪತ್ತೋ ಮೂವತ್ತೋ ಜೋತಾಡುತ್ತಿದ್ದವು. ಅಪ್ಪ, “ತಡಿ, ತಡಿ” ಎಂದರು. ಹರಗೋಲು ನಿಂತಿತು. ಸೆರಗು ಹಿಡಿದುಕೊಂಡೇ ಮುಂದೆ ಬಾಗಿ ಒಂದು ಗೂಡನ್ನು ಕೈಯಲ್ಲಿ ಹಿಡಿದು ಕೆಳಗೆ ಮೇಲೆ ನೋಡಿದರು. “ಹಾಸು ಇಲ್ಲ, ಹೊಕ್ಕು ಇಲ್ಲ. ಎಲ್ಲಿಂದ ಹಿಡಿದು ಎಲ್ಲಿಗೆ ಬಿಟ್ಟಾವು ನೋಡ, ತಿಳಿಯೂದ ಇಲ್ಲ” ಎಂದು ಅವ್ವನಿಗೆ ತೋರಿಸಿದರು. ಅವ್ವ ಆ ಗೂಡುಗಳನ್ನು ಹುಟ್ಟಿದಾಗಿನಿಂದ ನೋಡಿದವಳು. ಆದರೂ ಅಂದೇ ಮೊದಲ ಸಲ ನೋಡುವಂತೆ ನೋಡಿದಳು. ಅಪ್ಪನ ಅರ್ಧ ಮೈ ನೀರಿನ ಮೇಲಿತ್ತು. ಅದು ಅವರಿಗೆ ನೆನಪಿರಲಿಲ್ಲ, ನಾವೂ ನೆನಪು ಮಾಡಲಿಲ್ಲ.

ದಂಡೆಗೆ ಬಂದಾಗ ಹೊತ್ತು ಕೆಳಗಿಳಿದಿತ್ತು. ಆಯಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. ನಮ್ಮ ಮೈಮೇಲಿನ ನೂಲು ನೋಡಿ, “ಅಯ್ಯ ನನ್ನ ಶಿವನ, ಮೀನಿನಂಗ ಬಲಿ ಹಾಕಿ ಹಿಡದಾರೇನು ನಿಮ್ಮನ್ನ?” ಎಂದಳು. ಆರತಿ ಮಾಡಿ ಅವ್ವನ ಗಲ್ಲ ನೀವಿ, “ಇನ್ನ ಹತ್ತಸವಾ ನಿನ್ನ ತಮ್ಮನ ಹೆಂಡತೀನ್ನ” ಎಂದಳು. ಅವ್ವ ತಲೆ ತಗ್ಗಿಸಿ ನಿಂತಳು. ಈರಣ್ಣ ಇಳಿದ, ನಾನು ಇಳಿದೆ. ಅಪ್ಪ ಮಾತ್ರ ಹರಗೋಲಿನಲ್ಲಿ ಕೂತೇ ಇದ್ದರು. ತಲೆ ತಿರುಗಿದೆ ಎಂದುಕೊಂಡು ಮಾಮಾ ಕೈ ಚಾಚಿದ, “ಬರ್ರಿ ಮಾವಾರ, ಹಿಡಕೊಳ್ರಿ.”

ಅಪ್ಪ ಕೈ ಹಿಡಿಯಲಿಲ್ಲ. ಮಾಮಾನನ್ನು ನೋಡದೆ, ನಮ್ಮನ್ನೂ ನೋಡದೆ, ಹೊಳೆಯನ್ನು ನೋಡುತ್ತ ಹೇಳಿದರು.

“ಹನಮಂತಾ, ನೀ ಇಳಿ. ಹುಡುಗೂರ್ನ ನೋಡ್ಕೋ. ನಿಮ್ಮ ಅಕ್ಕಗ ಹುಟ್ಟು ಹಾಕಾಕ ಬರತೈತಿ ಹೌದಲ್ಲೋ?”

ಆಯಿ ಸೆರಗು ಬಾಯಿಗೆ ಹಿಡಿದುಕೊಂಡು ಆ ಕಡೆ ತಿರುಗಿದಳು. ಅವ್ವ ಸೀರೆಯನ್ನು ಮೇಲಕ್ಕೆತ್ತಿ ಸೊಂಟಕ್ಕೆ ಸಿಗಿಸಿದಳು, ಮೊಣಕಾಲ ಮಟ್ಟ ನೀರಿಗಿಳಿದು ಹರಗೋಲನ್ನು ನೂಕಿ ಒಳಗೆ ಹಾರಿದಳು. ನನ್ನ ಅವ್ವ ಹಾಗೆ ಹಾರಬಲ್ಲಳು ಎಂದು ನನಗೆ ಗೊತ್ತಿರಲಿಲ್ಲ. ಹುಟ್ಟು ಹಿಡಿದಳು. ಮಾಮಾನ ಹಾಗೆ ನೀರು ಚಿಮ್ಮಲಿಲ್ಲ, ಸಪ್ಪಳವೂ ಇಲ್ಲ. ಹರಗೋಲು ಒಂದು ಸಲವೂ ತಿರುಗದೆ ನೆಟ್ಟಗೆ ಹೋಯಿತು. ಅಪ್ಪ ಅವಳ ಎದುರಿಗೆ, ಖಾಲಿ ಕೈ ಕಟ್ಟಿಕೊಂಡು, ಆಕೆ ಕರೆದೊಯ್ದ ಕಡೆ ಹೋಗುತ್ತಿದ್ದರು.

“ನಾವೂ” ಎಂದು ಈರಣ್ಣ ಅಳುತ್ತ ನೀರಿಗಿಳಿಯಲು ಹೋದ. ಮಾಮಾ ಅವನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಹರಗೋಲು ಗಡ್ಡಿಯ ತಲೆ ಹಾಯ್ದು ಮರೆಯಾಯಿತು. ನಾನು ಜಾಲಿಮರದ ಕೆಳಗೆ ಕುಳಿತು, ಜಡೆಗೆ ಸುತ್ತಿಕೊಂಡಿದ್ದ ನೂಲು ಬಿಡಿಸುತ್ತ ಕಾದೆ. ಬೇಗ ಬರಲಿ ಎನಿಸುತ್ತಿತ್ತು, ಬರದಿದ್ದರೂ ನಡೆದೀತು ಎಂದೂ ಅನಿಸುತ್ತಿತ್ತು. ನೀರು ಬಂಗಾರವಾಗಿ, ಆಮೇಲೆ ತಾಮ್ರವಾಯಿತು. ಎರಡು ಬೀಡಿಯ ದಾರಿ. ಮಾಮಾ ನಾಲ್ಕನೆಯ ಬೀಡಿ ಹಚ್ಚಿದ. ಅವರು ಆ ಕಡೆಯಿಂದ ಕಾಣಿಸಿಕೊಂಡಾಗ ಅಪ್ಪ ಏನೋ ಹೇಳುತ್ತಿದ್ದರು, ಅವ್ವ ಹುಟ್ಟನ್ನು ನೀರಿನಿಂದ ಮೇಲೆತ್ತಿ ಹಿಡಿದುಕೊಂಡು ನಗುತ್ತಿದ್ದಳು. ದಂಡೆ ಹತ್ತಿರವಾದಂತೆ ಇಬ್ಬರೂ ಸುಮ್ಮನಾದರು.

ಗಡ್ಡಿಯ ಹಿಂದೆ ಅವರು ಏನು ಮಾತಾಡಿಕೊಂಡರು ಎಂಬುದನ್ನು ತಿಳಿಯಲು ನಾನು ಮಾಡದ ಕಸರತ್ತಿಲ್ಲ. ಅಪ್ಪನನ್ನು ಕೇಳಿದರೆ ಮಗ್ಗದ ಸಪ್ಪಳ ಜೋರಾಗುತ್ತಿತ್ತು. ಅಪ್ಪ ಹೋಗಿ ಈಗ ಬಹಳ ವರ್ಷವಾಯಿತು. ಅವ್ವ ನನ್ನ ಜೊತೆ ಇದ್ದಾಳೆ. ಮೊನ್ನೆ ಆ ಎಣ್ಣೆ ಕಾಗದವನ್ನು ಒಯ್ದು ಅವಳಿಗೆ ತೋರಿಸಿದೆ. ಹಡಗನ್ನು, ಹಿಮವನ್ನು, ಕಟಕಟೆಗೆ ಒರಗಿದ ಗಂಡ ಹೆಂಡತಿಯನ್ನು ಕಣ್ಣು ಕಿರಿದು ಮಾಡಿ ನೋಡಿದಳು. ಸಮಯ ಸಾಧಿಸಿ ಕೇಳಿದೆ, “ಅವ್ವಾ, ಈಗರ ಹೇಳು. ಅವತ್ತ ಅಪ್ಪ ನಿನಗ ಏನ ಅಂದ?”

ಎಪ್ಪತ್ತು ದಾಟಿದ ನನ್ನ ಅವ್ವನ ಮುಖಕ್ಕೆ ಕೆಂಪು ಏರಿತು. ಕಾಗದವನ್ನು ನನ್ನ ಕೈಗೆ ವಾಪಸು ಕೊಟ್ಟಳು.

“ನನ್ನ ಕಡೆ ಇದ್ದದ್ದೆಲ್ಲ ನಿಮಗ ಕೊಟ್ಟೀನಿ. ಅದೊಂದು ನಂದ ಇರ್ಲಿ ಬಿಡು.”